ಆಪಲ್ ಎಂದ ಮೇಲೆ ನನಗೆ ಮಾತಿರಲಿಲ್ಲ

ತಂಗಿಯ ಹೆರಿಗೆ ರಜೆ ಮುಗಿದು, ಮೇಲೆ ಕೇಳಿಕೊಂಡು ಪಡೆದ ರಜೆಯೂ ಮುಗಿದಿತ್ತು. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಕೆ ನರ್ಸ್. ಗಂಡ ಲಾರಿ ಓಡಿಸುವವನು, ಊರಲ್ಲಿ ಇರುವುದಕ್ಕಿಂತ ರಸ್ತೆ ಮೇಲೆ ಇರುವುದೇ ಹೆಚ್ಚು. ಕುರುಗೋಡಿನಲ್ಲಿದ್ದ ಅತ್ತೆಗೆ ಮಂಡಿ ನೋವು, ಓಡುವ ಕೂಸಿನ ಹಿಂದೆ ಓಡುವ ಶಕ್ತಿ ಇಲ್ಲ. ಹೀಗಾಗಿ ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ ಹೆಣ್ಣು ಕೂಸು ಸಿರುಗುಪ್ಪದ ನನ್ನ ಮನೆಗೆ ಬಂತು.

ಹಗಲು ಹೊತ್ತು ನಮ್ಮ ಮನೆಯಲ್ಲಿ ಇರುತ್ತಿದ್ದವನು ನಾನೊಬ್ಬನೇ. ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ನನಗೆ ಸೊಂಟ ಹಿಡಿದುಕೊಂಡು, ಇನ್ನು ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೆಂಡತಿ ಹೆಂಗಸರ ಗುಂಪಿನ ಜೊತೆ ಆಟೋದಲ್ಲಿ ಕರೂರಿನ ಕಡೆ ನಾಟಿಗೆ, ಕಳೆ ಕೀಳಲು ಹೋಗುತ್ತಿದ್ದಳು. ನಮ್ಮ ಮಗಳು ಮದುವೆಯಾಗಿ ರಾರಾವಿ ಸೇರಿದ್ದಳು. ಮನೆಯಲ್ಲಿ ಸುಮ್ಮನೆ ಕುಳಿತ ಗಂಡಸಿಗೆ ಒಂದು ಕೆಲಸ ಸಿಕ್ಕಿತು ಎಂದು ಎಲ್ಲರೂ ನಕ್ಕರು. ನನಗೂ ಒಳಗೊಳಗೆ ಖುಷಿಯಾಗಿತ್ತು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಓದಿ ಮೇಲೆ ಬಂದ ತಂಗಿಗೆ ನನ್ನಿಂದಲೂ ಒಂದು ಉಪಯೋಗ ಇದೆ ಎನ್ನಿಸಿತು.

ಮೊದಲಿನ ಆ ತಿಂಗಳುಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಮಿಲ್ಲಿನ ಕಣಕ್ಕೆ ಹೋಗುತ್ತಿದ್ದೆ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಎನ್ನುತ್ತೇವೆ. ಸಿಮೆಂಟಿನ ಕಣದ ತುಂಬ ಒಣಹಾಕಿದ ನೆಲ್ಲಿನ ಮೇಲೆ ಅದನ್ನು ಇಳಿಸಿದರೆ, ಕಾಲಿಗೆ ಚುಚ್ಚಿದಂತಾಗಿ ಒಮ್ಮೆ ಬೆರಳು ಮಡಚಿ, ಆಮೇಲೆ ಬಿಸುಪು ಹಿಡಿಸಿ ನಡೆಯುತ್ತಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ. ಇದು ಹೊಟ್ಟು, ಇದು ತೌಡು, ಇದು ನುಚ್ಚು, ಅಗೋ ಗುಬ್ಬಿ ನಿನಗಿಂತ ಮೊದಲು ಉಂಡು ಹೋಗಾಕ ಬಂದೈತಿ ನೋಡು. ಉಣ್ಣಿಸುವಾಗ ಒಂದು ತುತ್ತು ರಾರಾವಿ ಅಕ್ಕನದು, ಒಂದು ತುತ್ತು ಬಳ್ಳಾರಿ ಅವ್ವನದು, ಒಂದು ಕರೂರಿನ ಬಸ್ಸಿನದು. ನನ್ನ ಹೆಂಡತಿಯ ತವರು ಆಂಧ್ರದ ಗಡಿಯ ಕಡೆ, ಸಂಜೆ ಆಕೆ ಬಂದು ತೆಲುಗಿನಲ್ಲಿ ಮುದ್ದು ಮಾಡುತ್ತಿದ್ದಳು. ಕೂಸು ಎರಡನ್ನೂ ಬೆರೆಸಿ ಕಲಿಯಿತು. ಮಾಮ, ಅನ್ನಕ್ಕೆ ಬುವ್ವ, ಹಾಲಿಗೆ ಪಾಲು, ನುಚ್ಚು. ನುಚ್ಚು ಎನ್ನುವುದು ಅದಕ್ಕೆ ಬಹಳ ಪ್ರೀತಿಯ ಮಾತು. ಕೈಯಲ್ಲಿ ಏನು ಪುಡಿಯಾದರೂ ನುಚ್ಚು.

ಕುರುಗೋಡಿನಲ್ಲಿ ಕೂಸಿನ ಜವಳ ಇಟ್ಟುಕೊಂಡರು. ಸೋದರಮಾವನ ತೊಡೆ ಮೇಲೆ ಕೂಡಿಸಿ ಕೂದಲು ತೆಗೆಸುವುದು ನಮ್ಮಲ್ಲಿನ ಪದ್ಧತಿ, ಹಾಗಾಗಿ ಹೊಸ ಅಂಗಿ ಹಾಕಿ ನಾನೇ ಕುಳಿತೆ. ಊಟದ ಹೊತ್ತಿಗೆ ತಂಗಿಯ ವಾರಗಿತ್ತಿ ತನ್ನ ಮಗನನ್ನು ಕರೆದು ಎಲ್ಲರ ನಡುವೆ ನಿಲ್ಲಿಸಿದಳು. ಅವನು ಕಾನ್ವೆಂಟಿಗೆ ಹೋಗುವ ಹುಡುಗ. ಮೂಗು ಯಾವುದು, ಕಣ್ಣು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬೆರಳಿಟ್ಟು ತೋರಿಸಿದ, ಎರಡು ಹಾಡು ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ನಮ್ಮ ಕೂಸು ಎಲೆಯಲ್ಲಿ ಉದುರಿದ ಬೂಂದಿಯನ್ನು ಹಿಸುಕಿ ನುಚ್ಚು, ನುಚ್ಚು ಎಂದಿತು. ವಾರಗಿತ್ತಿ ಕೆಟ್ಟ ಹೆಂಗಸಲ್ಲ, ನಗುವುದಕ್ಕೇ ಹೇಳಿದಳು.

“ನರ್ಸಮ್ಮನ ಮಗಳು ಅಂದ್ರ ಯಾರು ನಂಬ್ತಾರವ್ವ? ಮಿಲ್ಲಿನ ಹಮಾಲಿ ಮಗಳು ಮಾತಾಡಿದಂಗ ಐತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ತಂಗಿ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದವಳು ಮೆಲ್ಲಗೆ, ಕೂಸಿನ ಮುಂದೆ ನಮ್ಮ ಮಾತು ಸ್ವಲ್ಪ ಕಡಿಮೆ ಆಡು, ಇಂಗ್ಲಿಷ್ ಕಿವಿಗೆ ಬೀಳಲಿ, ನಾಳೆ ಶಾಲೆಯವರು ಸೇರಿಸಿಕೊಳ್ಳುವಾಗ ಕೇಳುತ್ತಾರೆ ಎಂದಳು. ತನ್ನ ಹಳೆಯ ಫೋನನ್ನು ನನಗೆ ಕೊಟ್ಟು, ಅದರಲ್ಲಿ ಮಕ್ಕಳ ಇಂಗ್ಲಿಷ್ ಹಾಡು ಹಾಕುವುದು ಹೇಗೆ ಎಂದು ತೋರಿಸಿದಳು.

ಆಕೆ ಸ್ವಲ್ಪ ಕಡಿಮೆ ಮಾಡು ಎಂದಿದ್ದಳು. ನಾನು ಪೂರ್ತಿ ನಿಲ್ಲಿಸಿದೆ. ಈ ಎರಡರ ನಡುವೆ ಇರುವುದೇ ನನ್ನ ತಪ್ಪು.

ಹೆಂಡತಿಗೂ ತೆಲುಗು ಆಡಬೇಡ ಎಂದು ಕಟ್ಟುನಿಟ್ಟು ಮಾಡಿದೆ. ನನಗೆ ಬರುತ್ತಿದ್ದ ಇಂಗ್ಲಿಷ್ ಬೆರಳ ಮೇಲೆ ಎಣಿಸುವಷ್ಟು. ಆಪಲ್ ಎನ್ನುತ್ತಿದ್ದೆ. ಕೂಸು ನನ್ನ ಬಾಯಿ ನೋಡುತ್ತಿತ್ತು. ಆಪಲ್ ಎಂದ ಮೇಲೆ ಮುಂದೇನು ಹೇಳಬೇಕು? ಅದು ಹುಳಿ ಐತಿ, ಗುಬ್ಬಿಗೆ ಕೊಡೋಣ, ಮುದುಕಿ ಹಲ್ಲಿಲ್ಲದೆ ಹೆಂಗ ತಿಂತಾಳ ನೋಡು ಎಂದು ನನಗೆ ಇಂಗ್ಲಿಷಿನಲ್ಲಿ ಬಾರದು. ಹಾಗಾಗಿ ಸುಮ್ಮನಾಗುತ್ತಿದ್ದೆ. ಕಣಕ್ಕೆ ಕರೆದುಕೊಂಡು ಹೋದರೆ ಹಮಾಲರ ಮಾತು ಕಿವಿಗೆ ಬೀಳುತ್ತದೆ ಎಂದು ಅದನ್ನೂ ಬಿಟ್ಟೆ. ಅಕ್ಕಿ ಡಬ್ಬಿಗೆ ಫೋನು ಒರಗಿಸಿ, ಹಾಡು ಹಚ್ಚಿ, ಕೂಸನ್ನು ಮುಂದೆ ಕೂಡಿಸುತ್ತಿದ್ದೆ.

ಇದನ್ನೂ ಹೇಳಬೇಕು: ನನಗೆ ಅದು ಅನುಕೂಲವಾಯಿತು. ಫೋನು ನೋಡುತ್ತಾ ಕೂಸು ಅಳದೆ ಉಣ್ಣುತ್ತಿತ್ತು. ಕದ ತೆರೆದಿಟ್ಟು ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಹಳೆಯ ಗೆಳೆಯರ ಜೊತೆ ಕುಳಿತರೆ, ಒಳಗಿನಿಂದ ಹಾಡು ಕೇಳುತ್ತಿತ್ತು. ಹಾಡು ಕೇಳುತ್ತಿದ್ದರೆ ಕೂಸು ಇದ್ದಲ್ಲೇ ಇದೆ ಎಂದು ಅರ್ಥ. ಮೊದಲು ತಂಗಿಯ ಮಾತಿಗಾಗಿ ಮಾಡಿದ್ದನ್ನು ಆಮೇಲೆ ನನ್ನ ಸೋಮಾರಿತನಕ್ಕಾಗಿ ಮಾಡಿದೆ.

ಕೆಲವು ತಿಂಗಳಲ್ಲಿ ಕೂಸು ಎ ಯಿಂದ ಜೆಡ್‌ವರೆಗೆ ರಾಗವಾಗಿ ಹೇಳತೊಡಗಿತು. ನನಗೆ ಎದೆ ಉಬ್ಬಿತು. ತಂಗಿ ಫೋನು ಮಾಡಿದಾಗ ಅದನ್ನೇ ಹೇಳಿಸುತ್ತಿದ್ದೆ, ಆಕೆ ಆ ಕಡೆ ಹಿಗ್ಗುತ್ತಿದ್ದಳು. ಆದರೆ ನುಚ್ಚು ಹೋಗಿತ್ತು. ಬುವ್ವ ಹೋಗಿತ್ತು. ನೀರಡಿಕೆಯಾದರೆ ನನ್ನ ಬೆರಳು ಹಿಡಿದು ಎಳೆದು ಬಿಂದಿಗೆಯ ಮೇಲೆ ಇಡುತ್ತಿತ್ತು, ನನ್ನ ಮುಖ ನೋಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದೂ ಕಡಿಮೆಯಾಯಿತು. ಎರಡು ವರ್ಷ ತುಂಬಿದ ಮೇಲೆ ತೂಕ ನೋಡುವ ದಿನ ಅಂಗನವಾಡಿಯ ಟೀಚರಮ್ಮ ಅದನ್ನು ಮಾತಾಡಿಸಿ ನೋಡಿದಳು, ಚಪ್ಪಾಳೆ ತಟ್ಟಿ ನೋಡಿದಳು. ಇದರ ಕಿವಿ ಒಮ್ಮೆ ತೋರಿಸಿರಿ ಎಂದಳು. ಎ ಬಿ ಸಿ ಡಿ ಪೂರ್ತಿ ಬರುವ ಕೂಸಿಗೆ ಕಿವಿ ಕೇಳುವುದಿಲ್ಲವೇ ಎಂದು ಸಿಟ್ಟು ಮಾಡಿ ಎದ್ದು ಬಂದೆ. ಮುಂದಿನ ಸಲ ತೂಕಕ್ಕೆ ಕರೆದುಕೊಂಡೇ ಹೋಗಲಿಲ್ಲ.

ತಂಗಿ ವಾರದ ರಜೆಗೆ ಬಂದಾಗ ಕೂಸು ಆಕೆಯ ತೊಡೆ ಹತ್ತಿ ಫೋನಿಗಾಗಿ ಕೈ ಚಾಚುತ್ತಿತ್ತು. ಮಾತಾಡುವುದಿಲ್ಲವಲ್ಲ ಎಂದು ಆಕೆ ಕೇಳಿದರೆ ನಾನು, ನೀನು ಇಲ್ಲದಾಗ ಬಾಯಿ ಮುಚ್ಚುವುದೇ ಇಲ್ಲ, ನಿನ್ನ ಕಂಡರೆ ನಾಚಿಕೆ ಎನ್ನುತ್ತಿದ್ದೆ. ಒಮ್ಮೆಯಲ್ಲ, ಪ್ರತಿ ಸಲ. ಹೆತ್ತ ತಾಯಿಯನ್ನು ಕಂಡು ಕೂಸು ನಾಚುತ್ತದೆ ಎಂದರೆ ಆ ತಾಯಿಗೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಹೆಂಡತಿ ನನ್ನನ್ನು ಬಚ್ಚಲ ಹತ್ತಿರ ಕರೆದು ಕೇಳಿದಳು.

“ಯಾಕ ಸುಳ್ಳು ಹೇಳ್ತಿ? ಕೂಸಿನ ಬಾಯಿ ಬಿದ್ದು ಹೋಗೈತಿ. ನಿನ್ನ ತಂಗಿಗೆ ಹೇಳು.”

ಹೇಳಿದರೆ ತಂಗಿ ಕೂಸನ್ನು ಕರೆದುಕೊಂಡು ಹೋಗುತ್ತಾಳೆ ಎಂಬ ಹೆದರಿಕೆ ನನಗೆ. ಓದಿಲ್ಲದವನ ಕೈಗೆ ಕೊಟ್ಟು ಕೆಡಿಸಿಕೊಂಡೆ ಎಂದುಕೊಳ್ಳುತ್ತಾಳೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಇನ್ನೊಂದು ತಿಂಗಳು ನೋಡೋಣ ಎಂದೆ.

ಸುಗ್ಗಿಯ ಹೊತ್ತಿನಲ್ಲಿ ಒಂದು ದಿನ ಮಧ್ಯಾಹ್ನ ಕೂಸು ಅಳಲು ಶುರು ಮಾಡಿತು. ಹೊಟ್ಟೆ ನೋವು ಎಂದು ಓಂಕಾಳಿನ ನೀರು ಕುಡಿಸಿದೆ. ನಿದ್ದೆ ಬಂದಿದೆ ಎಂದು ತೂಗಿದೆ. ಹಾಡು ಹಚ್ಚಿದೆ, ಫೋನನ್ನು ಒದ್ದಿತು. ಎಲ್ಲಿ ನೋಯುತ್ತದೆ ಎಂದು ಕೇಳಿದರೆ ಅದಕ್ಕೆ ಕೇಳಿದ್ದು ತಿಳಿಯುತ್ತಿತ್ತೋ ಇಲ್ಲವೋ, ಗೋಡೆಗೆ ತಲೆ ತಿಕ್ಕಿಕೊಂಡು ಅತ್ತಿತು. ಹೊತ್ತು ಇಳಿದು ಹೆಂಡತಿ ಬಂದು, ತಲೆ ಒಂದೇ ಕಡೆ ತಿಕ್ಕುತ್ತದೆ ಎಂದು ಹಿಡಿದು ನೋಡಿದರೆ ಕಿವಿಯ ಬಾಯಲ್ಲೇ ನೆಲ್ಲಿನ ತೆನೆಯ ಮುಳ್ಳು ಸಿಕ್ಕಿಕೊಂಡಿತ್ತು. ಗಾಳಿಗೆ ಹಾರಿ ಬಂದದ್ದು. ತೆಗೆದ ಕೂಡಲೇ ಅಳು ನಿಂತು, ಬಿಕ್ಕುತ್ತಾ ಮಲಗಿತು.

ಹಾಡಿನಲ್ಲಿ ಕಿವಿ ಬಂದಾಗ ಈ ಕೂಸು ಇಂಗ್ಲಿಷಿನಲ್ಲಿ ಹೇಳಿ ಕಿವಿ ಮುಟ್ಟಿಕೊಳ್ಳುತ್ತಿತ್ತು. ಅದನ್ನು ನಾನೇ ಓಣಿಯವರಿಗೆಲ್ಲ ತೋರಿಸಿದ್ದೆ. ತನ್ನ ಕಿವಿ ತನಗೇ ನೋಯುವಾಗ ಒಬ್ಬರಿಗೆ ಹೇಳಲು ಅದರ ಹತ್ತಿರ ಏನೂ ಇರಲಿಲ್ಲ. ಮಲಗಿದ ಕೂಸಿನ ಕಡೆ ನೋಡುತ್ತಾ ಕುಳಿತೆ, ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಆಮೇಲೆ ತಂಗಿಗೆ ಫೋನು ಮಾಡಿದೆ.

“ಕೂಸು ಮಾತಾಡಲ್ಲವ್ವ. ನಾಚಿಕೆ ಅಲ್ಲ. ನಾ ನಿನಗ ಸುಳ್ಳು ಹೇಳಿಕೊಂತ ಬಂದೀನಿ.”

ಆಕೆ ಡ್ಯೂಟಿಯಲ್ಲಿದ್ದಳು. ವಾರ್ಡಿನ ಗದ್ದಲ ಕೇಳುತ್ತಿತ್ತು. “ನಾಳಿ ಮುಂಜಾನಿ ಬಸ್ಸಿಗೆ ಕರ್ಕೊಂಡು ಬಾ ಅಣ್ಣ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಬಳ್ಳಾರಿಯಲ್ಲಿ ಮೊದಲು ಕಿವಿ ಡಾಕ್ಟರು ನೋಡಿದರು. ಆಮೇಲೆ ಹೊರಗಿನ ಸದ್ದು ಬಾರದ ಒಂದು ಕೋಣೆಯಲ್ಲಿ ಕೂಸನ್ನು ತಂಗಿಯ ತೊಡೆ ಮೇಲೆ ಕೂಡಿಸಿ, ಒಮ್ಮೆ ಎಡಗಡೆ ಒಮ್ಮೆ ಬಲಗಡೆ ಸಣ್ಣ ದೊಡ್ಡ ಸದ್ದು ಮಾಡಿ, ಅದು ತಿರುಗುತ್ತದೋ ಇಲ್ಲವೋ ಎಂದು ಗಾಜಿನ ಆಚೆಯಿಂದ ನೋಡಿದರು. ತಿರುಗಿತು. ಕಿವಿ ಚೆನ್ನಾಗಿದೆ ಎಂದರು. ನಾನು ಉಸಿರು ಬಿಟ್ಟೆ, ಆಮೇಲೆ ತಿಳಿಯಿತು: ಕಿವಿಯ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಕ್ಕೂ ಇನ್ನು ಆಗುವುದಿಲ್ಲ.

ಮಾತು ಕಲಿಸುವ ಡಾಕ್ಟರಮ್ಮ ಇನ್ನೊಂದು ಕೋಣೆಯಲ್ಲಿದ್ದರು. ನೆಲದ ಮೇಲೆ ಚಾಪೆ, ಕೆಲವು ಆಟದ ಸಾಮಾನು. ದಿನಾ ಇದರ ಜೊತೆ ಹೇಗಿರುತ್ತೀರೋ ಹಾಗೆಯೇ ಇರಿ ಎಂದು ನನಗೆ ಹೇಳಿ ಗೋಡೆಗೆ ಒರಗಿ ಕುಳಿತರು. ನನ್ನ ಕೈ ಜೇಬಿಗೆ, ಫೋನಿನ ಕಡೆ ಹೋಯಿತು. ಅದು ಬೇಡ ಎಂದರು. ರಬ್ಬರಿನ ಸೇಬು ಕೈಗೆ ತೆಗೆದುಕೊಂಡು ಆಪಲ್ ಎಂದೆ. ಮತ್ತೆ ಆಪಲ್ ಎಂದೆ.

“ಮನ್ಯಾಗ ಯಾವ ಮಾತು ಆಡ್ತೀರಿ?”

“ಕನ್ನಡ, ತೆಲುಗು.”

“ಕೂಸಿನ ಜೋಡಿ ಯಾವ ಮಾತು?”

ನಾನು ತಲೆ ತಗ್ಗಿಸಿದೆ. ತಂಗಿ, ಇಂಗ್ಲಿಷ್ ಬೇಕು ಎಂದವಳು ನಾನೇ ಮೇಡಂ ಎಂದಳು. ಇಲ್ಲ, ಆಕೆ ಕಡಿಮೆ ಮಾಡು ಎಂದಳು, ನಿಲ್ಲಿಸಿದವನು ನಾನು ಎಂದೆ. ಡಾಕ್ಟರಮ್ಮ ಇಬ್ಬರನ್ನೂ ನಡುವೆ ತಡೆದರು. ಕೆಲವು ಮಕ್ಕಳು ಏನೇ ಮಾಡಿದರೂ ತಡವಾಗಿ ಮಾತಾಡುತ್ತವೆ, ಎಲ್ಲವೂ ನಿಮ್ಮಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ, ಎಷ್ಟು ಮಾತು ಬರುತ್ತದೆ ಎಂದು ಈಗಲೇ ಹೇಳಲೂ ಆಗದು, ಕೆಲವು ತಿಂಗಳು ಕೆಲಸ ಮಾಡಿ ನೋಡಬೇಕು ಎಂದರು. ಕೂಸಿಗೆ ಎರಡು ಭಾಷೆ ಕೇಳಿದರೆ ತೊಂದರೆಯಿಲ್ಲ, ಯಾರೂ ತನ್ನ ಜೊತೆ ಮಾತಾಡದಿದ್ದರೆ ತೊಂದರೆ ಎಂದರು.

ಮಾಡಬೇಕಾದ ಕೆಲಸವನ್ನು ಅವರು ಮಾಡಿ ತೋರಿಸಿದರು. ಫೋನು ಪೂರ್ತಿ ಬಂದ್. ಕೂಸಿನ ಕಣ್ಣಿನ ಮಟ್ಟಕ್ಕೆ ಕೂಡಬೇಕು. ಅದು ಏನು ಮಾಡುತ್ತಿದೆಯೋ ಅದನ್ನೇ ಸಣ್ಣ ಮಾತಿನಲ್ಲಿ ಹೇಳಬೇಕು. ಹೇಳಿ ಕಾಯಬೇಕು. ಅದು ಬಿಂದಿಗೆ ತೋರಿಸಿದ ಕೂಡಲೇ ನೀರು ಕೊಡಬಾರದು, ಲೋಟ ಹಿಡಿದು ನೀರು ಬೇಕಾ ಎಂದು ಕೇಳಿ ತಡೆಯಬೇಕು. ಕಣ್ಣೆತ್ತಿ ನೋಡಿದರೂ ಸಾಕು, ಗಂಟಲಿಂದ ಒಂದು ಸದ್ದು ಬಂದರೂ ಸಾಕು, ಆಗ ಕೊಡಬೇಕು. ಅತ್ತರೆ ಕಾಯಿಸಬಾರದು. ಹೇಳು, ಹೇಳು ಎಂದು ಹಿಂಡಬಾರದು. ಒಂದು ಮಾತು ಬಂದರೆ ಅದಕ್ಕೆ ನಾವು ಇನ್ನೊಂದು ಮಾತು ಸೇರಿಸಿ ಹೇಳಬೇಕು.

ಕೂಸನ್ನು ಬಳ್ಳಾರಿಯಲ್ಲೇ ಇಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಬಸ್ ನಿಲ್ದಾಣದಲ್ಲಿ ತಂಗಿ ಅದನ್ನು ನನ್ನ ಹೆಗಲಿಗೆ ಕೊಟ್ಟಳು. ಈ ಸಲ ಮುಚ್ಚಿಡಬೇಡ ಅಣ್ಣ ಎಂದಳು ಅಷ್ಟೇ.

ಮೊದಲಿನ ದಿನಗಳು ನರಕ. ಫೋನಿಗಾಗಿ ಕೂಸು ನೆಲಕ್ಕೆ ಹಣೆ ಬಡಿಯಿತು, ನನ್ನ ಕೈ ಕಚ್ಚಿತು, ಊಟ ಬಿಟ್ಟಿತು. ಒಮ್ಮೆ ತಡೆಯಲಾರದೆ ಫೋನು ಕೊಟ್ಟೆ. ಸಂಜೆ ತಂಗಿಗೆ ಅದನ್ನೂ ಹೇಳಿದೆ. ಮತ್ತೆ ಮೊದಲಿಂದ ಶುರು ಮಾಡು ಎಂದಳು. ಫೋನನ್ನು ಹೆಂಡತಿ ತನ್ನ ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಒಯ್ಯತೊಡಗಿದಳು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವುದು. ಹಮಾಲರ ಕೆಲಸದಲ್ಲಿ ಕಾಯುವುದಿಲ್ಲ. ಲಾರಿ ಬಂತು, ಎತ್ತು, ಹೊರು, ಹಾಕು. ಮಾತನ್ನೂ ಹಾಗೆಯೇ ಕೂಸಿನ ಮೇಲೆ ಹಾಕಿದೆ. ಇಷ್ಟು ತಿಂಗಳ ಸಾಲವನ್ನು ಒಂದೇ ವಾರದಲ್ಲಿ ತೀರಿಸುವವನಂತೆ ಒಂದರ ಮೇಲೊಂದು ಹೇಳಿದೆ. ಕೂಸು ಕಿವಿ ಮುಚ್ಚಿಕೊಂಡಿತು. ಮುಂದಿನ ಸಲ ಬಳ್ಳಾರಿಗೆ ಹೋದಾಗ ಡಾಕ್ಟರಮ್ಮ ನಕ್ಕು, ನೀವು ಎಲ್ಲವನ್ನೂ ಇಳಿಸಿಬಿಟ್ಟರೆ ಅದು ಎತ್ತುವುದು ಏನನ್ನು ಎಂದರು. ಆ ಮಾತು ನನಗೆ ಹತ್ತಿತು.

ಮತ್ತೆ ಕಣಕ್ಕೆ ಹೋದೆವು. ಮನೆಯಿಂದ ಎರಡು ಸೇರು ಒಯ್ದಿದ್ದೆ, ಅಳೆಯುವ ಕಬ್ಬಿಣದ ಸೇರು. ಒಂದರಿಂದ ಇನ್ನೊಂದಕ್ಕೆ ನೆಲ್ಲು ಸುರಿಯುವ ಸದ್ದು ಕೂಸಿಗೆ ಹಿಡಿಸಿತು. ಸುರಿಯುವಾಗ ಹಾಕು ಎನ್ನುತ್ತಿದ್ದೆ, ಮುಗಿದಾಗ ಆತು ಎನ್ನುತ್ತಿದ್ದೆ. ಹೀಗೆ ಹಲವು ದಿನ. ಒಂದು ದಿನ ಸೇರನ್ನು ಎತ್ತಿ, ಇನ್ನೇನು ಸುರಿಯಬೇಕು, ಅಲ್ಲೇ ಕೈ ನಿಲ್ಲಿಸಿದೆ. ಬಾಯಿ ಮುಚ್ಚಿಕೊಂಡೆ. ಕೂಸು ಸೇರನ್ನು ನೋಡಿತು. ನನ್ನ ಕೈ ತಳ್ಳಿತು. ನಾನು ಅಲುಗಲಿಲ್ಲ, ಸೊಂಟ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುತ್ತಿತ್ತು. ಕಣದ ಆ ತುದಿಯಿಂದ ಹಳೆಯ ಜೊತೆಗಾರ ಕೂಗಿದ.

“ಏನಲೇ, ಸೇರು ಕೈಗೆ ಅಂಟಿಕೊಂತಾ?”

ಕೂಸು ತಲೆ ಎತ್ತಿ ನನ್ನ ಮುಖ ನೋಡಿತು. ಎಷ್ಟೋ ತಿಂಗಳ ಮೇಲೆ ನೆಟ್ಟಗೆ ಕಣ್ಣಿಟ್ಟು ನೋಡಿತು. “ಆಕು” ಎಂದಿತು.

ಸುರಿದೆ. ಮತ್ತೆ ತುಂಬಿದೆ, ಮತ್ತೆ ನಿಲ್ಲಿಸಿದೆ. ಆಕು. ಹೊತ್ತು ಏರುವವರೆಗೆ ಅದೇ ಕೆಲಸ. ಹಮಾಲರು ಚೀಲ ಇಳಿಸಿ ಸುತ್ತ ನಿಂತರು. ನೆಲ್ಲು ಹಾಕು ಎಂದು ನಾನು ಒಂದು ಮಾತು ಸೇರಿಸಿ ಹೇಳುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ಕೂಸು ಅದನ್ನೂ ಎತ್ತಿಕೊಂಡಿತು. ಆಮೇಲೆ ಆ ಜೊತೆಗಾರರೆಲ್ಲ ನನ್ನ ಕೆಲಸಕ್ಕೆ ಸೇರಿದರು. ಹಾದು ಹೋಗುವವರು ಚೀಲ ಹೊತ್ತೇ, ದಾರಿ ಬಿಡವ್ವ ಎಂದು ಅದರ ಮುಂದೆ ನಿಂತು ಕಾಯುವರು. ಬಿಡಲ್ಲ ಎಂದು ಅದು ಹೇಳಿದ ದಿನ ಒಬ್ಬ ನಗು ತಡೆಯಲಾರದೆ ಚೀಲ ಬೀಳಿಸಿ ಮೇಸ್ತ್ರಿಯಿಂದ ಬೈಸಿಕೊಂಡ. ಹಮಾಲಿ ಮಗಳ ಹಾಗೆ ಮಾತಾಡಲಿ ಸಾಕು ಎಂದು ನಾನು ಬೇಡಿಕೊಂಡ ಕಾಲ ಅದು.

ತಂಗಿ ಈಗ ರಜೆಯ ದಿನ ಪೂರ್ತಿ ನಮ್ಮಲ್ಲೇ ಕಳೆಯುತ್ತಿದ್ದಳು. ನಮ್ಮ ಅಂಗಳದಲ್ಲಿ ಮಂಡಿಯೂರಿ ಕುಳಿತು, ಮಗಳ ಕೈಯಿಂದ ನುಚ್ಚಿನ ಅಡುಗೆ ಉಣ್ಣುವ ಆಟ ಆಡುತ್ತಿದ್ದಳು. ನಾವಿಬ್ಬರೂ ಚಿಕ್ಕವರಿದ್ದಾಗ ಆಡಿದ್ದ ಆಟ ಅದೇ. ನಾನು ಶಾಲೆ ಬಿಟ್ಟ ಮೇಲೆ ಆಕೆಯ ಜೊತೆ ಅಷ್ಟು ಹೊತ್ತು ನೆಲದ ಮೇಲೆ ಕುಳಿತದ್ದು ಆ ದಿನಗಳಲ್ಲೇ. ಕೂಸಿಗೆ ಮಾತು ಒಂದೇ ಸಮ ಬರಲಿಲ್ಲ. ಒಂದು ವಾರ ಬಂದದ್ದು ಇನ್ನೊಂದು ವಾರ ನಿಂತಂತಾಗಿ ಹೆದರಿಸುತ್ತಿತ್ತು. ಈಗಲೂ ಓರಗೆಯ ಮಕ್ಕಳಿಗಿಂತ ಒಂದು ಹೆಜ್ಜೆ ಹಿಂದಿದೆ ಎಂದು ಡಾಕ್ಟರಮ್ಮ ಹೇಳುತ್ತಾರೆ. ಆ ಹೆಜ್ಜೆ ನನ್ನದೋ ಅದರ ಹುಟ್ಟಿನದೋ ಯಾರಿಗೂ ಗೊತ್ತಿಲ್ಲ. ನಾನು ನನ್ನದೆಂದೇ ಇಟ್ಟುಕೊಂಡಿದ್ದೇನೆ.

ಕೂಸು ಈಗ ಹುಡುಗಿಯಾಗಿದ್ದಾಳೆ, ತಾಯಿಯ ಜೊತೆ ಬಳ್ಳಾರಿಯಲ್ಲಿ ಶಾಲೆಗೆ ಹೋಗುತ್ತಾಳೆ. ಹೋದ ದಸರಾ ರಜೆಗೆ ನಮ್ಮಲ್ಲಿಗೆ ಬಂದಿದ್ದಳು. ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಕಾಲುವೆಯ ಏರಿ ಮೇಲೆ ಹೋಗುವಾಗ ಜಲ್ಲಿಯಲ್ಲಿ ಚಕ್ರ ಜಾರಿ ಇಬ್ಬರೂ ಬಿದ್ದೆವು. ಆಕೆಯ ಮಂಡಿ ತರಚಿತು. ಅರಿಶಿಣ ಹಚ್ಚಿ, ಸಮಾಧಾನ ಮಾಡಿ, ಅವ್ವನಿಗೆ ಹೇಳಬೇಡ ಎಂದು ಮೆಲ್ಲಗೆ ಹೇಳಿದೆ. ಹೌದು, ನಾನೇ ಹಾಗೆ ಹೇಳಿದೆ.

ಸಂಜೆ ತಂಗಿಯ ಫೋನು ಬಂತು. ಆಕೆ ಊಟ ಆಯಿತಾ ಎಂದು ಕೇಳಿ ಮುಗಿಸುವುದರೊಳಗೆ ಮಗಳು ಶುರು ಮಾಡಿದಳು.

“ಅವ್ವ, ಮಾಮ ನನ್ನ ಸೈಕಲ್ ಮ್ಯಾಲಿಂದ ಬೀಳಿಸ್ಯಾನ. ರಕ್ತ ಬಂದೈತಿ. ನಿನಗ ಹೇಳಬ್ಯಾಡ ಅಂದಾನ.”

ನನಗೆ ಮುಖ ಎತ್ತಲು ಆಗಲಿಲ್ಲ, ನಗುವನ್ನು ತಡೆಯಲೂ ಆಗಲಿಲ್ಲ. ಬೆಳಿಗ್ಗೆ ಆದದ್ದು, ಆಮೇಲೆ ಆದದ್ದು, ನಾನು ಅಂದದ್ದು, ಎಲ್ಲವನ್ನೂ ಸಾಲಾಗಿ ಇಟ್ಟು ಆಕೆ ನನ್ನನ್ನು ಹಿಡಿದುಕೊಟ್ಟಿದ್ದಳು.

“ಹೌದೇನಣ್ಣ?” ತಂಗಿಯ ದನಿಯಲ್ಲಿ ಸಿಟ್ಟಿಗಿಂತ ಹಿಗ್ಗೇ ಹೆಚ್ಚಿತ್ತು.

“ಹೌದವ್ವ. ಬೀಳಿಸೀನಿ. ಹೇಳಬ್ಯಾಡ ಅಂತಾನೂ ಅಂದೀನಿ.”

ಇನ್ನೂ ಐತಿ, ಕೇಳು ಎಂದು ಮಗಳು ನನ್ನ ಕೈಯಿಂದ ಫೋನು ಕಸಿದುಕೊಂಡಳು. ಎಮ್ಮೆ ಅಡ್ಡ ಬಂದಿತ್ತು ಎಂದಳು, ಅದು ಸುಳ್ಳು. ಮಾಮ ಅಯ್ಯಪ್ಪ ಅಂದ ಎಂದಳು, ಅದು ನಿಜ. ಆಕೆ ಹೇಳಿ ಮುಗಿಸುವವರೆಗೆ ನಾನು ನಡುವೆ ಬಾಯಿ ಹಾಕಲಿಲ್ಲ.